ಗರಾಮ್ ಎಂಬ ಒಬ್ಬ ಸೈನಿಕ

ಒಕ್‌ರಾನ್‌ಳ ದನಿ ವಾಕ್ಯದ ನಡುವೆ ನಿಂತುಹೋಯಿತು. ಕಣ್ಣು ಮಾತ್ರ ಮುಂದೆ ಓಡಿ ವಾಕ್ಯದ ಕೊನೆ ಮುಟ್ಟಿತು, ನಂಬಲಾರದೆ ಮತ್ತೆ ಮೊದಲಿಗೆ ಬಂತು.

"ಏನಾಯ್ತೇ?" ಎಂದ ದೂಸಿಕ್.

ಅವನು ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕೂತಿದ್ದ. ಕಣ್ಣು ಹೋದ ಮೇಲೆ ಮಾತು ಬರುವ ಕಡೆಗೆ ಮುಖದ ಬದಲು ಕಿವಿ ಕೊಡುವುದು ಅವನಿಗೆ ಅಭ್ಯಾಸವಾಗಿತ್ತು. ಹಾಗಾಗಿ ತಂಗಿಯ ಕಡೆಗೆ ಕಿವಿ, ಕಿಟಕಿಯ ಕಡೆಗೆ ಮುಖ.

"ಏನಿಲ್ಲ ಅಣ್ಣ, ಗಂಟಲು ಒಣಗ್ತು" ಎಂದು ಒಕ್‌ರಾನ್ ಬಾರ್ಲಿ ನೀರಿನ ಲೋಟಕ್ಕೆ ಕೈ ಹಾಕಿದಳು. ಆರಿದ ನೀರನ್ನು ಬೇಕಾದ್ದಕ್ಕಿಂತ ನಿಧಾನವಾಗಿ ಕುಡಿದಳು. ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. 'ಕೋಟೆ ಬಿದ್ದಾಗ ಸತ್ತವರನ್ನು ಎಣಿಸಲು ಯಾರೂ ಉಳಿದಿರಲಿಲ್ಲ. ಉತ್ತರದ ಬಾಗಿಲು ಕಾಯುತ್ತಿದ್ದ ಗರಾಮ್ ಎಂಬ ಒಬ್ಬ ಸೈನಿಕನೂ ಅವರಲ್ಲಿದ್ದ.' ಅಷ್ಟೇ. ಮುಂದಿನ ಸಾಲಿನಲ್ಲಿ ಕಥೆ ರಾಜನ ಡೇರೆಗೆ ಹೋಗಿ, ಅಲ್ಲಿನ ಪರದೆಯ ಕಸೂತಿಯನ್ನು ಪುಟಗಟ್ಟಲೆ ವರ್ಣಿಸತೊಡಗಿತ್ತು.

ಗರಾಮ್ ಎಂಬ ಒಬ್ಬ ಸೈನಿಕ. ಎಂಬ ಒಬ್ಬ.

"ಗರಾಮ್ ಬಾಗಿಲ ಹತ್ತಿರ ನಿಂತಿದ್ದ ಅಂದೆ. ಆಮೇಲೆ?" ಅಣ್ಣನ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಎಷ್ಟೋ ತಿಂಗಳಾಗಿತ್ತು, ಅವನು ಯಾವುದಕ್ಕಾದರೂ 'ಆಮೇಲೆ' ಎಂದು ಕೇಳಿ.

ಒಕ್‌ರಾನ್ ಲೋಟ ಕೆಳಗಿಟ್ಟಳು. ಪುಟ ತಿರುಗಿಸಿದ ಸದ್ದು ಕೇಳಲೆಂದು ಒಂದು ಪುಟ ತಿರುಗಿಸಿದಳು. "ಬಾಗಿಲು ಮುರಿದು ಬೀಳುವ ಹೊತ್ತಿಗೆ ಗರಾಮ್ ಗೋಡೆಯ ಆಚೆ, ಹಿಮದಲ್ಲಿ ಸೊಂಟದವರೆಗೆ ಹೂತಿದ್ದ" ಎಂದು ಓದಿದಳು. ಪುಸ್ತಕದಲ್ಲಿ ಹಾಗೊಂದು ವಾಕ್ಯವೇ ಇರಲಿಲ್ಲ.

ದೂಸಿಕ್ ಹಿಡಿದಿದ್ದ ಉಸಿರು ಬಿಟ್ಟ. "ನಂಗೊತ್ತಿತ್ತು" ಎಂದ.

'ಕರಿಯುಪ್ಪಿನ ಸಿಂಹಾಸನ' ಶುರುವಾದಾಗ ಒಕ್‌ರಾನ್ ಇನ್ನೂ ಶಾಲೆಯ ಹುಡುಗಿ. ಆಗ ಕಂಪ್ಯೂಟರು ಟೆಲಿಫೋನ್ ತಂತಿಯ ಮೇಲೆ ಬದುಕುತ್ತಿತ್ತು. ನೀಲಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಕಥೆಯ ಕಂತು ಬಂದಾಗಲೆಲ್ಲ ಮನೆಯ ಫೋನು ಸತ್ತಂತೆ. ಅಮ್ಮ ಬೈಗುಳದ ಸುರಿಮಳೆಗರೆಯುತ್ತಿದ್ದಳು. ಆಮೇಲೆ ಅದು ಪುಸ್ತಕವಾಗಿ ಬಾಡಿಗೆ ಅಂಗಡಿಗೆ ಬಂತು. ಅಣ್ಣ ತಂಗಿ ಇಬ್ಬರಿಗೂ ಸೇರಿ ಒಂದೇ ಪ್ರತಿ. ನೆಲದ ಮೇಲೆ ಬೋರಲು ಮಲಗಿ, ತಲೆಗೆ ತಲೆ ತಾಗಿಸಿ ಓದುತ್ತಿದ್ದರು. ಅಣ್ಣನದು ಓಟದ ಓದು. ಪುಟದ ಕೊನೆಗೆ ಬೆರಳಿಟ್ಟುಕೊಂಡು ತಂಗಿ ಬಂದು ಸೇರುವವರೆಗೂ ಕಾಯುತ್ತಿದ್ದ, ಒಂದು ದಿನವೂ ಅವಸರ ಮಾಡಿದವನಲ್ಲ.

ಆ ಕಥೆಯಲ್ಲಿ ವೀರರಿಗೇನೂ ಬರವಿರಲಿಲ್ಲ. ಆದರೆ ದೂಸಿಕ್‌ಗೆ ಬೇಕಾದವನು ಗರಾಮ್, ಮೊದಲ ಯುದ್ಧದಲ್ಲೇ ಓಡಿಹೋದ ಪುಕ್ಕಲ. ಓಡುವ ದಾರಿಯಲ್ಲಿ ಯಾರದೋ ಹಸುಗೂಸು ಕೈಗೆ ಬಂದು, ಅದನ್ನು ಬಿಡಲಾರದೆ ಬೆಟ್ಟ ದಾಟಿಸುವವನು. ಸೈನ್ಯದ ಕಡ್ಡಾಯ ಸೇವೆಗೆ ಹೋದ ದೂಸಿಕ್ ಮೊದಲ ರಜೆಗೆ ಬಂದಾಗ ಬೆನ್ನ ಮೇಲೆ ಹಳದಿಗೆ ತಿರುಗಿದ ಬಾಸುಂಡೆಗಳಿದ್ದವು. ಯಾರು ಹೊಡೆದರು ಎಂದು ಅವನು ಯಾರಿಗೂ ಹೇಳಲಿಲ್ಲ. ಗರಾಮ್‌ನ ಭಾಗವನ್ನು ಮತ್ತೆ ತೆಗೆದು ಓದಿ, ತಂಗಿಗೆ ತೋರಿಸಿ, "ಧೈರ್ಯ ಇರೋನು ನಿಲ್ಲೋದೇನು ದೊಡ್ಡದು? ಇವನ್ನ ನೋಡು, ಮಂಡಿ ಗಡಗಡ ನಡುಗ್ತಿದ್ರೂ ನಿಂತಿದಾನೆ" ಎಂದಿದ್ದ.

ಒಂಬತ್ತನೆಯ ಸಂಪುಟದ ಕೊನೆಯಲ್ಲಿ ಗರಾಮ್ ಕೋಟೆಯ ಉತ್ತರದ ಬಾಗಿಲಲ್ಲಿ ನಿಂತಿದ್ದ. ಬಂದೇ ಬರುತ್ತೇನೆ ಎಂದು ಮಗುವಿಗೆ ಮಾತು ಕೊಟ್ಟಿದ್ದ. ಅಲ್ಲಿಗೆ ಲೇಖಕ ಪೆನ್ನು ಕೆಳಗಿಟ್ಟವನು ಇಪ್ಪತ್ತು ವರ್ಷ ಎತ್ತಲಿಲ್ಲ. ಬಾಡಿಗೆ ಪುಸ್ತಕದಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ದೂಸಿಕ್ ದೂರದೂರಿನ ಎಕ್ಸ್‌ಪ್ರೆಸ್ ಬಸ್ಸಿನ ಚಾಲಕನಾದ, ಮಲ್ಸುನ್‌ಳನ್ನು ಮದುವೆಯಾದ. ಒಕ್‌ರಾನ್‌ಗೆ ಗಾಡಿ ಓಡಿಸಲು ಕಲಿಸಿದವನೂ ಅವನೇ. ಈಗ ಅವಳು ಡ್ರೈವಿಂಗ್ ಶಾಲೆಯಲ್ಲಿ ಬೇರೆಯವರಿಗೆ ಕಲಿಸುತ್ತಾಳೆ. ಮದುವೆಯೊಂದು ಆಗಿ ಮುರಿದಿದೆ, ಅದರ ಮಾತು ಯಾರೂ ಎತ್ತುವುದಿಲ್ಲ. ಅಣ್ಣನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದು ತಡವಾಗಿ ಗೊತ್ತಾಯಿತು. ಶಸ್ತ್ರಚಿಕಿತ್ಸೆಗಳೆಲ್ಲ ಮುಗಿದು, ಚಳಿಗಾಲ ಬರುವ ಹೊತ್ತಿಗೆ ಅವನಿಗೆ ಕಿಟಕಿ ಯಾವ ಕಡೆ ಇದೆ ಎಂಬಷ್ಟು ಬೆಳಕು ಮಾತ್ರ ಉಳಿದಿತ್ತು.

ಆ ಚಳಿಗಾಲ ಪೂರ್ತಿ ಅವನು ಹೆಂಡತಿಯ ಕಪ್ಪೆಚಿಪ್ಪಿನ ನೂಡಲ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊದ್ದು ಮಲಗಿದ. ಟೀವಿ ಹಾಕಿದರೆ ಆರಿಸು ಎನ್ನುತ್ತಿದ್ದ, ಆರಿಸಿದರೆ ಸುಮ್ಮನಿರುತ್ತಿದ್ದ. ವಸಂತದಲ್ಲಿ, ಬಸ್ ನಿಲ್ದಾಣದ ಗಾಜಿನ ಮೇಲೆಲ್ಲ ಆ ಕಪ್ಪು ಸಿಂಹಾಸನದ ಚಿತ್ರ ಅಂಟಿತು. ಹತ್ತನೆಯ ಸಂಪುಟ, ಕಥೆಯ ಮುಕ್ತಾಯ. ಒಕ್‌ರಾನ್ ಅಂಜುತ್ತಲೇ ಸುದ್ದಿ ಹೇಳಿದಳು. ದೂಸಿಕ್ ಎದ್ದು ಕೂತ. ಫೋನಿನಲ್ಲಿ ಓದುವ ಯಂತ್ರದ ಧ್ವನಿ ಬೇಡವೆಂದ. ಅದು ರೈಲು ತಡವಾಗಿದೆ ಎನ್ನುವ ದನಿಯಲ್ಲೇ ಎಲ್ಲವನ್ನೂ ಹೇಳುತ್ತದಂತೆ. "ನೀನು ಓದು. ನಿಧಾನ ಆದ್ರೂ ಪರವಾಗಿಲ್ಲ, ನಿನಗೋಸ್ಕರ ಕಾದು ಅಭ್ಯಾಸ ಇದೆ ನಂಗೆ" ಎಂದ.

ಅಂಥವನ ಮುಂದೆ 'ಎಂಬ ಒಬ್ಬ ಸೈನಿಕ' ಎಂದು ಓದಲು ಅವಳಿಗೆ ನಾಲಗೆ ಏಳಲಿಲ್ಲ.

ಅವತ್ತು ಮನೆಗೆ ಹೋದವಳೇ ಉಳಿದದ್ದನ್ನು ಒಬ್ಬಳೇ ಓದತೊಡಗಿದಳು. ಮುಂದೆಲ್ಲಾದರೂ ಗರಾಮ್ ಬದುಕಿ ಬರಬಹುದು, ಆ ವಾಕ್ಯ ಲೇಖಕನ ಹೂಟವಿರಬಹುದು ಎಂಬ ಆಸೆ. ಗರಾಮ್ ಬರಲಿಲ್ಲ. ಅವನ ಹೆಸರೂ ಮತ್ತೆ ಬರಲಿಲ್ಲ. ಅವನು ಎದೆಗವಚಿ ಬೆಟ್ಟ ದಾಟಿಸಿದ ಮಗು ದೊಡ್ಡದಾಗಿ, ಅದರ ಕಣ್ಣು ಚಿನ್ನದ ಬಣ್ಣಕ್ಕೆ ತಿರುಗಿ, ಅದು ನಿಜವಾದ ರಾಜವಂಶದ ಕುಡಿ ಎಂದು ಗೊತ್ತಾಯಿತು. ಯಾರಿಗೂ ತಲೆಬಾಗದಿದ್ದ ಬೆಟ್ಟದ ಜನ ಸಾಲಾಗಿ ಬಂದು ಅದರ ಮುಂದೆ ಮಂಡಿಯೂರಿದರು. ಉಪ್ಪಿನ ಗಣಿಯ ಹೆಂಗಸರು ಐದು ಸಂಪುಟ ಹೋರಾಡಿದ್ದರು; ಅವರಿಗೆ ಲೇಖಕ ಒಂದು ಪ್ಯಾರಾದಲ್ಲಿ ವಂದನೆ ಹೇಳಿ ಕಳಿಸಿದ್ದ. ಉಳಿದದ್ದೆಲ್ಲ ಕತ್ತಿ, ಕುದುರೆ, ಹೊಗೆ.

ಪುಸ್ತಕ ಮುಚ್ಚಿ ಒಕ್‌ರಾನ್ ಅಡುಗೆಮನೆಯಲ್ಲಿ ಸುಮ್ಮನೆ ನಿಂತಳು. ಕೆಟ್ಟದಾಗಿದ್ದರೆ ಬೈದು ಬಿಡಬಹುದಿತ್ತು, ಕೆಟ್ಟದ್ದೂ ಅಲ್ಲ. ಬಹಳ ಸಲ ಕಾಗದ ಹಾಕಿ ಕರೆಸಿಕೊಂಡ ಬಂಧು ಬಂದು ಕೂತು, ಚಹ ಕುಡಿದು, ನಮ್ಮ ಹೆಸರನ್ನೇ ತಪ್ಪು ಹೇಳಿ ಎದ್ದುಹೋದ ಹಾಗಿತ್ತು. ಡ್ರೈವಿಂಗ್ ಶಾಲೆಯ ಸಹೋದ್ಯೋಗಿಯೊಬ್ಬ, ಕೊನೆಯ ಯುದ್ಧ ಓದುವಾಗ ಮೈ ಜುಮ್ಮೆಂದಿತು ಎಂದ. ಅವಳು ಹೌದೌದು ಎಂದಳು. ಇದನ್ನು ಹೇಳಿಕೊಂಡು ಅಳುವುದಕ್ಕೆ, ಬೈಯುವುದಕ್ಕೆ ಪ್ರಪಂಚದಲ್ಲಿ ಇದ್ದವನು ಒಬ್ಬನೇ. ಅವನಿಗೇ ಅವಳು ಸುಳ್ಳು ಓದಿ ಬಂದಿದ್ದಳು.

ಆಮೇಲಿನ ಭಾನುವಾರಗಳು ಅವಳಿಗೆ ನುಂಗಲಾರದ ಬಿಸಿತುಪ್ಪವಾದವು. ಪಕ್ಕದಲ್ಲಿ ಕಲಿಯುವವರು ಗಾಡಿ ಹಿಂದಕ್ಕೆ ತೆಗೆದು ಕಂಬಕ್ಕೆ ಗುದ್ದುತ್ತಿದ್ದರೆ, ಒಕ್‌ರಾನ್ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಗರಾಮ್‌ನನ್ನು ಹಿಮದಿಂದ ಎಬ್ಬಿಸುತ್ತಿದ್ದಳು. ಕುರಿ ಕಾಯುವ ಮುದುಕಿಯ ಗುಡಿಸಲಿಗೆ ಸೇರಿಸಿದಳು. ಜ್ವರ ಬರಿಸಿದಳು, ಇಳಿಸಿದಳು. ಮಗುವನ್ನು ಹುಡುಕಿಕೊಂಡು ದಕ್ಷಿಣಕ್ಕೆ ಹೊರಡಿಸಿದಳು. ನಡುನಡುವೆ ಪುಸ್ತಕದ ನಿಜವಾದ ಪುಟಗಳನ್ನೂ ಓದಿದಳು, ಅಲ್ಲಿ ಯುದ್ಧವಿತ್ತು, ಇಲ್ಲಿ ಗರಾಮ್ ನಡೆಯುತ್ತಿದ್ದ. ಒಂದು ಸಲ ಹಿಂದಿನ ವಾರ ಕಂದರಕ್ಕೆ ಬಿದ್ದು ಸತ್ತ ಕುದುರೆಯ ಮೇಲೇ ಅವನನ್ನು ಹತ್ತಿಸಿಬಿಟ್ಟಳು.

"ಆ ಕುದುರೆ ಸತ್ತಿತ್ತಲ್ವೇನೇ?" ಎಂದ ದೂಸಿಕ್.

"ಇದು ಬೇರೆ ಕುದುರೆ."

"ಅದಕ್ಕೂ ಎಡಗಿವಿ ಹರಿದಿತ್ತಾ?"

"ಆ ಊರಲ್ಲಿ ಕುದುರೆಗಳ ಕಿವಿ ಹಾಗೇ ಅನ್ಸುತ್ತೆ" ಎಂದಳು ಒಕ್‌ರಾನ್, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ.

ಬೆಳ್ಳುಳ್ಳಿ ಸುಲಿಯುತ್ತ ಬಾಗಿಲಲ್ಲಿ ಕೂರುತ್ತಿದ್ದ ಅತ್ತಿಗೆ ಮಲ್ಸುನ್ ಹುಟ್ಟಿದಾಗಿನಿಂದ ಕಥೆ ಪುಸ್ತಕ ಮುಟ್ಟಿದವಳಲ್ಲ. ಈಗ ಅವಳಿಗೂ ಗರಾಮ್‌ನ ಹುಚ್ಚು ಹತ್ತಿತು. ಆ ಮುದುಕಿ ಅವನಿಗೆ ಊಟಕ್ಕೆ ಏನು ಕೊಟ್ಟಳು, ಬರೀ ಕುರಿಯ ಹಾಲು ಕುಡಿದು ಅಷ್ಟು ದೂರ ನಡೆಯಲು ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದಳು. ಒಕ್‌ರಾನ್ ಮರುವಾರ ಅವನ ಜೋಳಿಗೆಗೆ ಒಣಮೀನು ಹಾಕಿಸಿದಳು.

ಅಣ್ಣನಲ್ಲಿಯೂ ಬದಲಾವಣೆ ಕಂಡಿತು. ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಎಷ್ಟು ಹೇಳಿದರೂ ಹೋಗದಿದ್ದವನು, ಕಣ್ಣಿಲ್ಲದವರ ಕೇಂದ್ರಕ್ಕೆ ಹೋಗಿ ಬಿಳಿಕೋಲು ಹಿಡಿದು ನಡೆಯಲು, ಫೋನನ್ನು ಕಿವಿಯಿಂದ ನಡೆಸಲು ಕಲಿಯತೊಡಗಿದ. ಒಕ್‌ರಾನ್ ಇದನ್ನೆಲ್ಲ ಗರಾಮ್‌ನ ಲೆಕ್ಕಕ್ಕೆ ಬರೆದುಕೊಂಡಳು. ಸುಳ್ಳಿಗೆ ಅದೇ ಸಮಾಧಾನ.

ಗೋಧಿ ಕಟಾವಾದ ಹೊಲಗಳಲ್ಲಿ ಕೂಳೆ ಸುಟ್ಟ ಹೊಗೆ ಊರಿನ ಮೇಲೆ ಕವಿದಿದ್ದ ಒಂದು ಭಾನುವಾರ ಅವಳು ಬಂದು ಪುಸ್ತಕ ತೆರೆದಾಗ ದೂಸಿಕ್ ಕೈ ಚಾಚಿದ. "ಕೊಡಿಲ್ಲಿ" ಎಂದ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಂಚುಗಳನ್ನು ಸವರಿದ. ಒಂದು ಪುಟ ತೆರೆದು ಅದರ ಮೇಲೆ ಅಂಗೈ ಇಟ್ಟ.

"ಕುರಿ ಕಾಯೋ ಮುದುಕಿ ಎಲ್ಲಿದಾಳೆ ಇದ್ರಲ್ಲಿ?"

ಅಡುಗೆಯ ಕಡೆ ಚಾಕುವಿನ ಸದ್ದು ನಿಂತಿತು.

ಅವನು ದನಿ ಎತ್ತಲಿಲ್ಲ. ಫೋನಿನಲ್ಲಿ ಓದುಗರ ಕೂಟವೊಂದಿದೆ ಎಂದು ಕೇಂದ್ರದ ಗೆಳೆಯನೊಬ್ಬ ಹೇಳಿದ್ದನಂತೆ. ಮಾತಾಡಲು ಜೊತೆ ಸಿಕ್ಕಿತು ಎಂಬ ಖುಷಿಯಲ್ಲಿ ಇವನು ಅಲ್ಲಿ ಗರಾಮ್‌ನ ಮಾತೆತ್ತಿದ. ಮುದುಕಿ, ಜ್ವರ, ಕಿವಿ ಹರಿದ ಕುದುರೆ ಎಲ್ಲವನ್ನೂ ಹೇಳಿದ. ಅವರೆಲ್ಲ ನಕ್ಕರು. ಯಾವ ಪುಸ್ತಕ ಓದಿದ್ದೀರಿ ಯಜಮಾನರೇ, ಗರಾಮ್ ಶುರುವಿನಲ್ಲೇ ಸತ್ತನಲ್ಲ ಎಂದರು. ಇವನು ಅವರೊಂದಿಗೆ ಜಗಳವಾಡಿದ. ನನ್ನ ತಂಗಿ ಓದಿದ್ದಾಳೆ ಎಂದ.

"ಎರಡು ವಾರ ಆಯ್ತು. ನೀನೇ ಹೇಳ್ತೀಯೇನೋ ಅಂತ ಕಾದೆ."

"ನಿಂಗೆ ಬೇಜಾರಾಗುತ್ತೆ ಅಂತ ಅಣ್ಣ..."

"ಮಲ್ಸುನ್ ನನ್ನ ರಕ್ತ ಪರೀಕ್ಷೆ ಚೀಟಿ ಓದ್ತಾಳೆ. ಸಕ್ಕರೆ ಇಳಿದಿದೆ ಅಂತಾಳೆ. ಅದೂ ಹೀಗೇನಾ?" ಅವನ ಅಂಗೈ ಇನ್ನೂ ಪುಟದ ಮೇಲೇ ಇತ್ತು. "ಬೆಳಿಗ್ಗೆ ಕಿಟಕಿ ತೆಗೆದು, ಇವತ್ತು ಆಕಾಶ ಚೆನ್ನಾಗಿದೆ ಅಂತೀರಿ. ಈ ಅಂಗಿ ನೀಲಿ ಅಂತೀರಿ. ನನ್ನ ಹತ್ರ ಇರೋದು ನೀವು ಹೇಳೋ ಮಾತು ಅಷ್ಟೇ ಕಣೇ ಒಕ್‌ರಾನ್. ಅದನ್ನೂ ಇನ್ನು ಮುಟ್ಟಿ ಮುಟ್ಟಿ ನೋಡಬೇಕಾ ನಾನು?"

ಅವಳು ಏನೋ ಹೇಳಹೋದಳು. ಅವನು ಪುಸ್ತಕ ಮುಚ್ಚಿ ಅವಳ ಕಡೆಗೆ ನೂಕಿ, ಈಗ ಹೋಗು ಎಂದ. ಅತ್ತಿಗೆ ಹಿಂದೆಯೇ ಬಾಗಿಲವರೆಗೆ ಬಂದು, ಅವಳ ಚಪ್ಪಲಿಯನ್ನು ಹೊರಮುಖಕ್ಕೆ ತಿರುಗಿಸಿಟ್ಟು, ಸಕ್ಕರೆ ನಿಜವಾಗಿಯೂ ಇಳಿದಿದೆ ಎಂದು ಪಿಸುಗುಟ್ಟಿದಳು. ತಾನು ಒಂದಂಕಿಯನ್ನೂ ಬದಲಾಯಿಸಿಲ್ಲ ಎಂದು ಈ ಮನುಷ್ಯನಿಗೆ ಇನ್ನು ಹೇಗೆ ನಂಬಿಸುವುದು ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಮರು ಭಾನುವಾರ ಒಕ್‌ರಾನ್ ಹೋಗಲಿಲ್ಲ. ಅದರಾಚೆಯದಕ್ಕೂ ಹೋಗಲಿಲ್ಲ. ಗಾಡಿಯಲ್ಲಿ ಕಲಿಯುವವರು ಏನು ಕೇಳಿದರೂ ಅರ್ಧಕ್ಕೆ ಉತ್ತರ ಕೊಟ್ಟಳು. ಅವಳಿಗೆ ಅಣ್ಣನ ಸಿಟ್ಟಿಗಿಂತ ಅವನು ಆ ಅಪರಿಚಿತರೊಂದಿಗೆ ಆಡಿದ ಜಗಳವೇ ಮತ್ತೆ ಮತ್ತೆ ಕೇಳುತ್ತಿತ್ತು. ನನ್ನ ತಂಗಿ ಓದಿದ್ದಾಳೆ. ಅವರು ಎಷ್ಟು ನಕ್ಕಿರಬೇಕು. ಅವನಿಗೆ ನೋವಾಗಬಾರದೆಂದು ಮಾಡಿದ್ದು ಅವನನ್ನು ಸಂತೆಯಲ್ಲಿ ಬೆತ್ತಲೆ ನಿಲ್ಲಿಸಿತ್ತು. ಕ್ಷಮೆ ಕೇಳಲು ಹಲವು ಬಾರಿ ಫೋನ್ ತೆಗೆದಳು. ಏನು ಹೇಳಿದರೂ ಅದು ಸುಳ್ಳಾಗಿ ಕೇಳಿಸೀತು ಎನ್ನಿಸಿ ಕೆಳಗಿಟ್ಟಳು.

ಕೊನೆಗೆ ಫೋನ್ ಮಾಡಿದವನು ದೂಸಿಕ್. "ಪುಸ್ತಕ ತಗೊಂಡು ಬಾ" ಎಂದ, ಅಷ್ಟೇ.

ಅವಳು ಹೋದಾಗ ಅವನು ಗೋಡೆಗೆ ಒರಗದೆ, ನೆಟ್ಟಗೆ ಕೂತಿದ್ದ. ಆ ಪುಟ ತೆಗೆ ಎಂದ. ಅವಳು ತೆಗೆದಳು.

"ಇರೋ ಹಾಗೆ ಓದು."

ಒಕ್‌ರಾನ್ ಓದಿದಳು. ಕೋಟೆ ಬಿದ್ದದ್ದು, ಎಣಿಸಲು ಯಾರೂ ಉಳಿಯದ್ದು, ಉತ್ತರದ ಬಾಗಿಲು ಕಾಯುತ್ತಿದ್ದ ಗರಾಮ್ ಎಂಬ ಒಬ್ಬ ಸೈನಿಕ. ಓದಿ ನಿಂತಳು. ದೂಸಿಕ್ ಮತ್ತೊಮ್ಮೆ ಓದು ಎಂದ. ಅವಳು ಮತ್ತೊಮ್ಮೆ ಓದಿದಳು. ಅಂಗಡಿಯಲ್ಲಿ ಸಾರಿನ ಹಂಡೆ ಕುದಿಯುತ್ತಿತ್ತು. ಅಣ್ಣನ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅವನ ಗಲ್ಲ ಸ್ವಲ್ಪ ಅದುರಿತು.

"ಎಂಬ ಒಬ್ಬ ಸೈನಿಕ" ಎಂದ. "ಬೋಳಿಮಗ, ಗರಾಮ್ ಯಾರು ಅಂತ ಬರೆದೋನೇ ಮರೆತಿದಾನೆ."

"ಹೂಂ ಅಣ್ಣ."

"ಇಪ್ಪತ್ತು ವರ್ಷ."

"ಹೂಂ."

ದೂಸಿಕ್‌ನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. "ನಿಂಗೆ ಇದನ್ನ ಓದಿದಾಗ ಏನನ್ನಿಸ್ತು?"

ಅವಳು ನಿಜ ಹೇಳಿದಳು. ಓದಿ ಮುಗಿಸಿ ಅಡುಗೆಮನೆಯಲ್ಲಿ ನಿಂತದ್ದು, ಅವನ ಹತ್ತಿರ ಬಂದು ಈ ಲೇಖಕನಿಗೆ ಬಾಯಿತುಂಬ ಬೈಯಬೇಕು ಎನ್ನಿಸಿದ್ದು, ಹಾಗೆ ಮಾಡುವ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದೇನೆ ಎಂದು ನೆನಪಾದದ್ದು.

"ಮತ್ತೆ? ಕಣ್ಣು ಹೋಯ್ತು ಅಂತ ನನ್ನ ಪಾಲಿನ ನಿರಾಸೆನೂ ನೀನೇ ಇಟ್ಕೊಂಡ್ರೆ ಹೇಗೇ?" ಎಂದ ದೂಸಿಕ್. "ನಾನೂ ಇಪ್ಪತ್ತು ವರ್ಷ ಕಾದೋನು. ಅದು ನಂದೂ ಹೌದು."

ಒಕ್‌ರಾನ್ ತಪ್ಪಾಯಿತು ಎಂದಳು. ಅವನು ಮುಂದೆ ಓದು ಎಂದ.

ರಾಜನ ಡೇರೆಯ ಪರದೆಗೆ ಬಂದರು. ಕಸೂತಿಯ ಹಂಸ, ಕಸೂತಿಯ ಕಮಲ, ಕಸೂತಿಯ ಮೋಡ. ಎರಡನೆಯ ಪುಟಕ್ಕೆ ದೂಸಿಕ್, ಅಲ್ಲಿ ಅಷ್ಟು ಜನ ಸತ್ತಿದ್ದಾರೆ, ಇವನಿಗೆ ಬಟ್ಟೆ ಅಂಗಡಿಯ ಚಿಂತೆ ಎಂದ. ಒಕ್‌ರಾನ್‌ಗೆ ನಗು ಬಂತು, ತಡೆದಳು. ಮೂರನೆಯ ಪುಟಕ್ಕೆ ತಡೆಯಲಾಗಲಿಲ್ಲ. ಚಿನ್ನದ ಕಣ್ಣಿನ ಮಾತು ಬರಲಿ, ಆಗ ನೋಡು ಎಂದಳು. ಯಾರ ಕಣ್ಣು ಎಂದು ಅವನು ಕೇಳಿದ, ಅವಳು ಹೇಳಿದಳು, ಅವನು ನೆಲಕ್ಕೆ ಕೈ ಬಡಿದ. ಗರಾಮ್ ಹೊತ್ತು ತಂದ ಮಗು ಯಾರದ್ದೋ ಕೂಲಿಯವಳ ಮಗು ಆಗಿರಬೇಕಿತ್ತು, ಹಾಗಿದ್ದರೇ ಅಲ್ಲವೇ ಅವನು ಹೊತ್ತದ್ದಕ್ಕೆ ಬೆಲೆ ಎಂದು ವಾದಿಸಿದ. ರಾಜನ ಮಗುವನ್ನಾದರೆ ಯಾರು ಬೇಕಾದರೂ ಹೊರುತ್ತಾರೆ. ಒಕ್‌ರಾನ್ ಉಪ್ಪಿನ ಗಣಿಯ ಹೆಂಗಸರ ಪರವಾಗಿ ನಿಂತಳು. ಹೊರಗೆ ಊಟಕ್ಕೆ ಕೂತಿದ್ದ ಗಿರಾಕಿಯೊಬ್ಬ, ಒಳಗೆ ಏನು ಆಸ್ತಿ ಜಗಳವೇ ಎಂದು ಕೇಳಿದ.

ಹುಳಿ ಎಲೆಕೋಸಿನ ಕಿಮ್ಚಿ ತಟ್ಟೆ ಹಿಡಿದು ಒಳಗೆ ಬಂದ ಮಲ್ಸುನ್ ಮಾತ್ರ ಮುಖ ಊದಿಸಿಕೊಂಡಿದ್ದಳು. "ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ. ಆ ಮುದುಕಿ ಮನೆಯಿಂದ ಹೊರಟೋನು ಎಲ್ಲಿಗೆ ಹೋದ ಅಂತ ನಂಗೆ ಹೇಳಿ ಆಮೇಲೆ ಬೈಕೊಳ್ಳಿ."

"ಅದು ಪುಸ್ತಕದಲ್ಲಿಲ್ಲ ಅತ್ತಿಗೆ, ನಾನು ಕಟ್ಟಿ ಹೇಳಿದ್ದು."

"ಗೊತ್ತು. ಎಲ್ಲಿಗೆ ಹೋದ?"

ಒಕ್‌ರಾನ್ ಅಣ್ಣನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

"ಹೇಳು" ಎಂದ. "ಸುಳ್ಳು ಅಂತ ಮೊದಲೇ ಹೇಳಿದ ಮೇಲೆ ಅದು ಸುಳ್ಳಲ್ಲ. ಆದ್ರೆ ಆ ಕುದುರೆ ಮಾತ್ರ ಬೇಡ."

ಸಂಜೆ ಅವಳು ಹೊರಟಾಗ ದೂಸಿಕ್ ಕೋಲು ಹಿಡಿದು ತಾನೂ ಎದ್ದ. ಬಸ್ ನಿಲ್ದಾಣದವರೆಗೆ ಬರುತ್ತೇನೆ ಎಂದ. ಅವಳು ತೋಳು ಹಿಡಿಯಹೋದಳು; ಅವನು ಬೇಡವೆಂದು ಅವಳ ಭುಜದ ಮೇಲೆ ತನ್ನ ಕೈಯಿಟ್ಟ. ಮೀನಿನಂಗಡಿಗಳ ಮುಂದೆ ನೀರು ಚೆಲ್ಲಿದ ರಸ್ತೆಯಲ್ಲಿ ಇಬ್ಬರೂ ನಿಧಾನವಾಗಿ ನಡೆದರು. ಮೊದಲ ಬಸ್ಸಿನ ಸದ್ದು ಕೇಳಿದಾಗ ಅವನು ಅದು ಅವಳದಲ್ಲ ಎಂದ, ಎರಡನೆಯದಕ್ಕೆ ಹತ್ತು ಎಂದ.

ಅವಳು ಹಿಂದಿನ ಸೀಟಿನಲ್ಲಿ ಕೂತು ಗಾಜಿನಾಚೆ ನೋಡಿದಳು. ದೂಸಿಕ್ ಆಗಲೇ ತಿರುಗಿ ನಡೆಯತೊಡಗಿದ್ದ. ಕೋಲು ಕಲ್ಲಿನಂಚನ್ನು ತಟ್ಟುತ್ತ ಮುಂದೆ ಹೋಗುತ್ತಿತ್ತು. ಬಸ್ಸು ಪಕ್ಕದಲ್ಲೇ ಸಾಗಿದಾಗ ಅವನ ತುಟಿ ಅಲುಗುತ್ತಿರುವುದು ಕಂಡಿತು. ಒಣಮೀನಿನ ಅಂಗಡಿಯ ಮುಂದೆ ಅವನು ನಿಂತ, ತಲೆ ಅಡ್ಡಡ್ಡ ಆಡಿಸಿದ, ಬಿಡುವಾಗಿದ್ದ ಕೈಯನ್ನು ಎತ್ತಿ, ಗರಾಮ್ ಎದುರಿಗೇ ನಿಂತಿದ್ದಾನೇನೋ ಎಂಬಂತೆ ಏನನ್ನೋ ತಿಳಿಹೇಳಿದ. ಪೆಟ್ಟಿಗೆಗಳನ್ನು ಒಳಗಿಡುತ್ತಿದ್ದ ಅಂಗಡಿಯವಳು ಅವನು ಯಾರ ಜೊತೆ ಮಾತಾಡುತ್ತಿದ್ದಾನೆ ಎಂದು ಹಿಂದಕ್ಕೆ ತಿರುಗಿ ನೋಡಿದಳು.